ಅಮ್ಮನ ಸ್ಯಾಕರಿನ್ ಡಬ್ಬಿ

ಸಂಕ್ರಾಂತಿ ಹತ್ತಿರ ಬಂತೆಂದರೆ ನಮ್ಮ ಚಂದ್ರಾ ಲೇಔಟಿನ ಮನೆಯಲ್ಲಿ ಅಟ್ಟದ ಮೇಲಿಂದ ಸಕ್ಕರೆ ಅಚ್ಚಿನ ಮರದ ಹಲಗೆಗಳನ್ನು ಇಳಿಸುವುದು ವಾಡಿಕೆ. ಹೋದ ಸಲ ಹಾಗೆ ಇಳಿಸುವಾಗ, ಹಲಗೆಗಳನ್ನು ಸುತ್ತಿಟ್ಟಿದ್ದ ಹಳೆಯ ಸೀರೆಯ ತುಂಡಿನೊಳಗಿಂದ ಹೆಬ್ಬೆರಳುದ್ದದ ಒಂದು ಪ್ಲಾಸ್ಟಿಕ್ ಡಬ್ಬಿ ಉರುಳಿ ಬಿತ್ತು. ಅಲುಗಿಸಿದೆ, ಗಿಲಕಿಯ ಹಾಗೆ ಸದ್ದು. ಮುಚ್ಚಳ ತೆಗೆದರೆ ಸಾಸಿವೆಗಿಂತ ತುಸು ದಪ್ಪನೆಯ ನಾಲ್ಕೈದು ಬಿಳಿ ಮಾತ್ರೆಗಳು. ಅಮ್ಮನ ಸ್ಯಾಕರಿನ್! ಅಮ್ಮ ಹೋದದ್ದು 2011ರಲ್ಲಿ. ಡಬ್ಬಿ ಮಾತ್ರ ಅಟ್ಟದಲ್ಲಿ ಕೂತಿತ್ತು.

ಅಮ್ಮ ಹುಟ್ಟಿದ್ದು ಮಂಡ್ಯದ ಪಕ್ಕದ ಹಳ್ಳಿಯಲ್ಲಿ. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ ಹರಿದು ಬಂದ ಮೇಲೆ ಆ ಸೀಮೆಯ ರಾಗಿ ಹೊಲಗಳು ಕಬ್ಬಿನ ಗದ್ದೆಗಳಾದವು. ಆ ನಾಲೆಗೆ ಈಗ ವಿಶ್ವೇಶ್ವರಯ್ಯನವರ ಹೆಸರು. 1933ರಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದಕ್ಕಾಗಿ ದುಡಿದವರು ಸಂಸ್ಥಾನದ ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ನಮ್ಮಜ್ಜ ಗಾಡಿ ತುಂಬ ಕಬ್ಬು ಹೇರಿಕೊಂಡು ಆ ಕಾರ್ಖಾನೆಯ ಮುಂದೆ ಸರದಿ ಕಾಯುತ್ತಿದ್ದರಂತೆ. ಗಾಡಿಯ ಹಿಂದೆ ಓಡಿ ಜಲ್ಲೆ ಎಳೆದುಕೊಂಡು ತಿಂದ ಕಥೆಯನ್ನು ಅಮ್ಮ ನೂರು ಸಲ ಹೇಳಿದ್ದಾಳೆ.

ಇಂಥ ಸಕ್ಕರೆ ನಾಡಿನ ಮಗಳಿಗೆ 1994ರಲ್ಲಿ ಸಕ್ಕರೆ ಕಾಯಿಲೆ ಅಂಟಿಕೊಂಡಿತು. ನಾನಾಗ ಬಿ.ಇಡಿ. ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಮಕ್ಕಳನ್ನು ತಿದ್ದುವ ಉತ್ಸಾಹ ಮನೆಗೂ ಹರಿದು ಬರುತ್ತಿದ್ದ ಕಾಲ. ಸಕ್ಕರೆ ಡಬ್ಬಿಯನ್ನು ಮೇಲಿನ ಗೂಡಿಗೇರಿಸಿ, ಮೆಡಿಕಲ್ ಶಾಪಿನಿಂದ ಈ ಮಾತ್ರೆ ತಂದುಕೊಟ್ಟೆ. ಅಮ್ಮ ಒಂದನ್ನು ಕಾಫಿಗೆ ಹಾಕಿ, ಒಂದು ಗುಟುಕು ಕುಡಿದು, "ಸಿಹಿಯೇನೋ ಇದೆ, ಆಮೇಲೆ ನಾಲಗೆಯ ಮೇಲೆ ಯಾರೋ ಬೇವಿನ ಎಲೆ ಉಜ್ಜಿದ ಹಾಗಿದೆ" ಎಂದಳು. ಸ್ಯಾಕರಿನ್ನಿನ ಗುಣವೇ ಅದು. ಮೊದಲು ಸಿಹಿ, ಕೊನೆಗೆ ಕಹಿ.

ಪಾಠ ಹೇಳುವುದು ಸಮಾಜ ವಿಜ್ಞಾನವಾದ್ದರಿಂದ ರಸಾಯನಶಾಸ್ತ್ರ ನನಗೆ ಅಷ್ಟಕ್ಕಷ್ಟೆ; ಇಸವಿಗಳು ಮಾತ್ರ ಬಾಯಿಪಾಠ. ಡಬ್ಬಿ ಸಿಕ್ಕ ಮೇಲೆ ಈ ಮಾತ್ರೆಯ ಜಾತಕ ಹುಡುಕಿ ಓದಿದೆ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಇರಾ ರೆಮ್ಸೆನ್ ಎಂಬ ಪ್ರಾಧ್ಯಾಪಕರ ಪ್ರಯೋಗಶಾಲೆಯಲ್ಲಿ ಕಾನ್‌ಸ್ಟಂಟಿನ್ ಫಾಲ್‌ಬರ್ಗ್ ಎಂಬಾತ ಡಾಂಬರಿನಿಂದ ಬರುವ ವಸ್ತುಗಳ ಮೇಲೆ ಕೆಲಸ ಮಾಡುತ್ತಿದ್ದ. ಕೈ ತೊಳೆಯದೆ ಊಟಕ್ಕೆ ಕುಳಿತಾಗ ರೊಟ್ಟಿ ಸಿಹಿಯಾಗಿತ್ತು. ಸಕ್ಕರೆಗಿಂತ ಸುಮಾರು 300 ಪಟ್ಟು ಸಿಹಿ! ಪೇಟೆಂಟ್ ಮಾತ್ರ ಫಾಲ್‌ಬರ್ಗ್ ಒಬ್ಬನ ಪಾಲಾಯಿತು. ಗುರುಗಳಿಗೆ ಜೀವನಪೂರ್ತಿ ಆ ಕೋಪ ಆರಲಿಲ್ಲ. ಕೈ ತೊಳೆಯಿರಿ ಎಂದು ದಿನವೂ ಮಕ್ಕಳ ಬೆನ್ನು ಹತ್ತುವ ನಾನು ಈ ಕಥೆಯನ್ನು ತರಗತಿಯಲ್ಲಿ ಹೇಳುವ ಧೈರ್ಯ ಮಾಡಿಲ್ಲ.

ಮೊದಮೊದಲು ಸ್ಯಾಕರಿನ್ ಬಡವರ ಸಕ್ಕರೆಯಾಗಿತ್ತು. ಬೀಟ್ ಸಕ್ಕರೆಯ ಧಣಿಗಳಿಗೆ ಇದು ಸಹಿಸಲಿಲ್ಲ. 1902ರಲ್ಲಿ ಜರ್ಮನಿ ಅದನ್ನು ಔಷಧಿ ಅಂಗಡಿಗೆ ಸೀಮಿತಗೊಳಿಸಿದಾಗ ಸ್ವಿಟ್ಜರ್ಲೆಂಡಿನಿಂದ ಕಳ್ಳಸಾಗಣೆ ಶುರುವಾಯಿತು. ಮೊದಲ ಮಹಾಯುದ್ಧದಲ್ಲಿ ಸಕ್ಕರೆಗೆ ಬರ ಬಂದಾಗ ಅದೇ ಸ್ಯಾಕರಿನ್ನಿಗೆ ಮತ್ತೆ ಮಣೆ. ನಮ್ಮ ಬಾಲ್ಯದಲ್ಲೂ ಶಾಲೆಯ ಗೇಟಿನ ಮುಂದೆ ಬಣ್ಣದ ಐಸ್ ಕ್ಯಾಂಡಿ ಮಾರುವವನನ್ನು ತೋರಿಸಿ, "ಅದು ಸಕ್ಕರೆಯಲ್ಲ ಕಣೇ, ಸ್ಯಾಕರಿನ್ನು" ಎಂದು ಹೆದರಿಸಿದವಳು ಇದೇ ಅಮ್ಮ! ಆ ಮಾತನ್ನು ನೆನಪಿಸಿದಾಗ ಅವಳು ನಕ್ಕು, "ಈಗ ನಾನೇ ಐಸ್ ಕ್ಯಾಂಡಿಯಾದೆ ಬಿಡು" ಎಂದಿದ್ದಳು.

ಆಮೇಲೆ ಹೆದರಿಕೆಗಳ ಸರಣಿ. 1969ರಲ್ಲಿ ಅಮೆರಿಕ ಸೈಕ್ಲಮೇಟ್ ಎಂಬ ಇನ್ನೊಂದು ಸಿಹಿಗೆ ನಿಷೇಧ ಹಾಕಿತು. 1977ರಲ್ಲಿ ಇಲಿಗಳ ಮೂತ್ರಕೋಶದ ಕ್ಯಾನ್ಸರಿನ ಕಾರಣ ಹೇಳಿ ಸ್ಯಾಕರಿನ್ನಿಗೂ ನಿಷೇಧ ಹಾಕಲು ಹೊರಟಿತು. ಜನ ಒಪ್ಪಲಿಲ್ಲ, ಪೊಟ್ಟಣದ ಮೇಲೆ ಎಚ್ಚರಿಕೆ ಬರೆಸಿ ಸುಮ್ಮನಾಯಿತು. ಆ ಅಪಾಯ ಇಲಿಯ ಶರೀರಕ್ಕೆ ಮಾತ್ರ ಸಂಬಂಧಿಸಿದ್ದು ಎಂದು ತಿಳಿದ ಮೇಲೆ 2000ದಲ್ಲಿ ಆ ಎಚ್ಚರಿಕೆಯನ್ನೂ ತೆಗೆದರು. ನಡುವೆ, 1976ರಲ್ಲಿ, ಲಂಡನ್ನಿನ ಕಾಲೇಜೊಂದರಲ್ಲಿ ನಮ್ಮ ದೇಶದವರೇ ಆದ ಶಶಿಕಾಂತ ಫಡ್ನೀಸ್ ಎಂಬ ಸಂಶೋಧಕರಿಗೆ ಗುರುಗಳು ಒಂದು ಪುಡಿಯನ್ನು "ಟೆಸ್ಟ್ ಮಾಡು" ಎಂದರಂತೆ. ಅವರಿಗೆ ಕೇಳಿಸಿದ್ದು "ಟೇಸ್ಟ್ ಮಾಡು" ಎಂದು. ನಾಲಗೆಗಿಟ್ಟರು. ಸಕ್ಕರೆಯಿಂದಲೇ ತಯಾರಾದ, ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾದ ಸುಕ್ರಲೋಸ್ ಹೀಗೆ ಸಿಕ್ಕಿತು.

ಇಷ್ಟೆಲ್ಲ ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಮಾತ್ರ 2011ರ ಸಂಕ್ರಾಂತಿ. ಅದೇ ಅಮ್ಮನ ಕೊನೆಯ ಸಂಕ್ರಾಂತಿ ಎಂದು ಯಾರಿಗೆ ಗೊತ್ತಿತ್ತು? ಎದುರು ಮನೆಯ ಪುಟ್ಟಿ ರೇಷ್ಮೆ ಲಂಗ ಉಟ್ಟು ಎಳ್ಳು ಬೀರಲು ಬಂದಿದ್ದಳು. ತಟ್ಟೆಯಲ್ಲಿದ್ದ ಸಕ್ಕರೆ ಗಿಣಿಯನ್ನು ಅಮ್ಮ ಕೈಗೆತ್ತಿಕೊಂಡಳು. ಬಾಯಿಗೆ ಹೋಗುವಷ್ಟರಲ್ಲಿ ನಾನು, ಆ ಮಗುವಿನ ಎದುರಿಗೇ, ಕೈಯಿಂದ ಕಿತ್ತುಕೊಂಡೆ. "ಮಾತ್ರೆ ಹಾಕಿದ ಕಾಫಿ ಕೊಡ್ತೀನಿ ಇರು" ಎಂದೆ. ಅಮ್ಮ ಏನೂ ಅನ್ನಲಿಲ್ಲ. ಸೆರಗಿನಿಂದ ಬೆರಳು ಒರೆಸಿಕೊಂಡಳು.

ಎರಡು ವರ್ಷದ ಹಿಂದೆ ನನಗೂ ಸಕ್ಕರೆ ಕಾಯಿಲೆ ಬಂತು. ಮಗಳು ಸುಕ್ರಲೋಸ್ ಹನಿಯ ಬಾಟಲಿ ತಂದಿಟ್ಟಳು. ನಾನು ನಮ್ಮ ಡಾಕ್ಟರರನ್ನು ಕೇಳಿದೆ: ವರ್ಷಕ್ಕೊಮ್ಮೆ ಒಂದು ಸಕ್ಕರೆ ಅಚ್ಚು ತಿನ್ನಬಹುದೇ? "ಚಿಕ್ಕದಾದರೆ ತಿನ್ನಿ, ಆ ಹೊತ್ತಿನ ಅನ್ನ ಕಡಿಮೆ ಮಾಡಿ" ಎಂದರು. ಇಷ್ಟೇ ಮಾತು. ಅಮ್ಮನಿಗಾಗಿ ಹದಿನೇಳು ವರ್ಷ ಇದನ್ನು ಯಾವ ಡಾಕ್ಟರರನ್ನೂ ನಾನು ಕೇಳಿರಲಿಲ್ಲ. ಮಾತ್ರೆ ಇದೆಯಲ್ಲ, ಇನ್ನೇನು ಕೇಳುವುದು ಎಂದುಕೊಂಡಿದ್ದೆ.

ಮಾತ್ರೆಯನ್ನು ನಾನು ದೂರುವುದಿಲ್ಲ. ಅಮ್ಮ ಕಾಫಿ ಬಿಡದೆ ಬದುಕಿದ್ದು ಅದರಿಂದಲೇ. ಆದರೆ ಅದರ ಮೇಲೆ ಹೊರಿಸಬಾರದ ಭಾರ ಹೊರಿಸಬಾರದು. ತೂಕ ಇಳಿಸಲು ಇಂಥ ಸಿಹಿಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಹೇಳಿತು. ಆ ಸಲಹೆ ಈಗಾಗಲೇ ಸಕ್ಕರೆ ಕಾಯಿಲೆ ಇರುವವರನ್ನು ಕುರಿತದ್ದಲ್ಲ. ಆದರೂ ಮನೆಯ ಉಳಿದವರು ನನ್ನ ಬಾಟಲಿಗೆ ಕೈ ಹಾಕದಿರಲೆಂದು ಮಗಳಿಗೆ ಓದಿ ಹೇಳಿದೆ. ನಾನಂತೂ ಹನಿಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತ ಬಂದೆ. ಈಗ ಬೆಳಗಿನ ಕಾಫಿ ಏನೂ ಇಲ್ಲದೆಯೇ ಒಳಗಿಳಿಯುತ್ತದೆ. ಹಾಲಿಗೂ ಒಂದು ಸಿಹಿಯಿದೆ ಎಂದು ಈ ವಯಸ್ಸಿನಲ್ಲಿ ತಿಳಿಯಿತು.

ಹೋದ ಸಂಕ್ರಾಂತಿಯಂದು ಅಮ್ಮನ ಹಲಗೆಗಳಲ್ಲಿ ಪಾಕ ಹೊಯ್ದು ಅಚ್ಚು ತೆಗೆದೆ. ದೇವರ ಮುಂದಿಟ್ಟ ಮೇಲೆ ಒಂದು ಗಿಣಿಯ ಬಾಲ ಮುರಿದು ಬಾಯಿಗೆ ಹಾಕಿಕೊಂಡೆ. ಮಗಳು ನೋಡಿದಳು. ನಾನು ಅಮ್ಮನಿಗೆ ಮಾಡಿದ ಹಾಗೆ ಕೈ ಚಾಚಲಿಲ್ಲ.

"ಬಾಲ ಸಾಕಲ್ವೇನಮ್ಮಾ?" ಎಂದಳು.

ಸಾಕು ಎಂದೆ.