ಗಾಳಿ ಸೋಂಕು

ಕೊರೋನಾ ಬರುವವರೆಗೂ ‘ಸೋಂಕು’ ಅಷ್ಟೇನೂ ದುಡಿಯದ ಪದ. ತಂಗಾಳಿ ಮೈಗೆ ಸೋಂಕುತ್ತಿತ್ತು. ರಾಮನ ಪಾದ ಸೋಂಕಿ ಅಹಲ್ಯೆ ಎದ್ದು ಬರುತ್ತಿದ್ದಳು. ಹೊತ್ತಲ್ಲದ ಹೊತ್ತಲ್ಲಿ ಹುಣಸೆಮರದ ಕೆಳಗೆ ಓಡಾಡಿದ ಹುಡುಗಿಗೆ ಜ್ವರ ಬಂದರೆ ‘ಗಾಳಿ ಸೋಂಕಿದೆ’ ಎಂದು ಅಜ್ಜಿಯರು ಮೆಣಸಿನಕಾಯಿ ನಿವಾಳಿಸುತ್ತಿದ್ದರು. ಕಾಯಿಲೆಯ ಖಾತೆ ಹೆಚ್ಚಾಗಿ ‘ಅಂಟು’ ಎಂಬ ಪದದ ಕೈಯಲ್ಲಿತ್ತು: ಅಂಟುರೋಗ, ಅಂಟುಜಾಡ್ಯ. 2020ರಲ್ಲಿ ಪತ್ರಿಕೆಗಳು ಸೋಂಕನ್ನು ಎಳೆತಂದು ಮುಖಪುಟದಲ್ಲಿ ಕೂರಿಸಿದವು. ಅಚ್ಚಗನ್ನಡದ ಮಾತಿಗೆ ಸಂಸ್ಕೃತದ ಬಾಲ ಕಟ್ಟಿದ ‘ಸೋಂಕಿತ’ ಪದವನ್ನು ಮನೆಮಾತಾಗಿಸಿದವು. ವ್ಯಾಕರಣದ ಮೇಷ್ಟ್ರು ಹುಬ್ಬು ಗಂಟಿಕ್ಕುವಷ್ಟರಲ್ಲಿ ಸೋಂಕಿತರು ಲಕ್ಷ ದಾಟಿದ್ದರು.

ಅಂಟಬೇಕಾದರೆ ಮುಟ್ಟಬೇಕು. ಸೋಂಕುವುದಕ್ಕೆ ಪಕ್ಕದಲ್ಲಿ ಸುಳಿದರೂ ಸಾಕು. ಇದು ನಿಘಂಟಿನವರ ಜಗಳ ಅಂದುಕೊಳ್ಳುವವರು ಟೊರೊಂಟೊದ 2003ರ ಕಥೆ ಕೇಳಬೇಕು. ಹಾಂಗ್‌ಕಾಂಗ್‌ನ ಹೋಟೆಲೊಂದರಲ್ಲಿ ತಂಗಿದ್ದ ವಯಸ್ಸಾದ ಹೆಂಗಸು ಫೆಬ್ರವರಿ 23ಕ್ಕೆ ಸ್ಕಾರ್ಬರೋದ ಮನೆಗೆ ಮರಳಿದರು. ಸಾರ್ಸ್ ಎಂಬ ಉಸಿರಾಟದ ರೋಗ ಹೊತ್ತು ತಂದಿದ್ದ ವೈದ್ಯರೊಬ್ಬರು ಅದೇ ಹೋಟೆಲಿನ ಅದೇ ಮಹಡಿಯಲ್ಲಿದ್ದರು. ಇಬ್ಬರಿಗೂ ಇದ್ದ, ಗೊತ್ತಾದ ನಂಟು ಅಷ್ಟೇ. ಮಾರ್ಚ್ 5ಕ್ಕೆ ಆಕೆ ತೀರಿಕೊಂಡರು. ಎರಡು ದಿನದ ಮೇಲೆ ಮಗ ಸ್ಕಾರ್ಬರೋ ಗ್ರೇಸ್ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ರಾತ್ರಿಯೆಲ್ಲ ಕಾದರು. ಪರದೆಯಾಚೆ ಬೇರೆ ಯಾವುದೋ ತೊಂದರೆಗೆ ಬಂದು ಮಲಗಿದ್ದವರಿಗೂ ಅಲ್ಲೇ ಸೋಂಕಿತು. ಸಾರ್ಸ್ ತಣ್ಣಗಾಗುವಷ್ಟರಲ್ಲಿ ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 44 ಜನ ಹೋಗಿದ್ದರು, ಅವರಲ್ಲಿ ಇಬ್ಬರು ನರ್ಸ್‌ಗಳು, ಒಬ್ಬ ವೈದ್ಯ.

ಇದರ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಆರ್ಚಿ ಕ್ಯಾಂಪ್‌ಬೆಲ್ ಅವರ ಅಂತಿಮ ವರದಿ 2007ರ ಜನವರಿಯಲ್ಲಿ ಹೊರಬಂತು. ರೋಗ ಎಂಜಲ ಹನಿಯಿಂದ ಹರಡುತ್ತದೋ ಗಾಳಿಯಿಂದಲೋ ಎಂದು ತಜ್ಞರು ವಾದ ಮಾಡುತ್ತಿರಲಿ, ವಾದ ಮುಗಿಯುವವರೆಗೆ ನರ್ಸ್‌ಗಳ ಮುಖ ಬರಿದಾಗಿ ಇರಕೂಡದು ಎಂಬುದು ಅದರ ತಿರುಳು. ಅಜ್ಜಿಯ ನಿವಾಳಿಯಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಗಾಳಿಯ ಮೇಲೆ ಆಕೆಗಿದ್ದ ಗುಮಾನಿ ತಜ್ಞರಿಗೂ ಚೂರು ಇದ್ದಿದ್ದರೆ ಚೆನ್ನಾಗಿತ್ತು.

ಒಂಟಾರಿಯೊದ ಆಸ್ಪತ್ರೆಗಳಲ್ಲಿ ಎನ್‌95 ಮಾಸ್ಕ್ ಹಾಕುವವರಿಗೆ ಒಂದು ಪರೀಕ್ಷೆಯಿದೆ. ಮಾಸ್ಕ್ ತೊಟ್ಟವರ ತಲೆಗೆ ಬುರುಕಿಯಂಥ ಮುಸುಕು ಹಾಕಿ, ಅದರ ತೂತಿನಿಂದ ಕಹಿ ದ್ರಾವಣವನ್ನು ಮಂಜಿನ ಹಾಗೆ ಊದುತ್ತಾರೆ. ಆಮೇಲೆ ಕತ್ತು ಹೊರಳಿಸಬೇಕು, ಬಗ್ಗಬೇಕು, ಗಟ್ಟಿಯಾಗಿ ಏನಾದರೂ ಓದಬೇಕು. ನಾಲಿಗೆಗೆ ಕಹಿ ಗೊತ್ತಾಯಿತೋ, ಆ ಮಾಸ್ಕ್ ಆ ಮುಖಕ್ಕೆ ನಾಲಾಯಕ್ಕು. ಸಾರ್ಸ್ ಆದಮೇಲೆ ಪ್ರಾಂತ್ಯ ಇಂಥ ಸುಮಾರು 5.5 ಕೋಟಿ ಮಾಸ್ಕ್ ಕೊಂಡು ಗೋದಾಮಿಗೆ ತುಂಬಿತು. ಅವಕ್ಕೂ ವಾಯಿದೆಯಿದೆ, ರಬ್ಬರ್ ಪಟ್ಟಿ ಸಡಿಲವಾಗುತ್ತದೆ. ವಾಯಿದೆ ಮುಗಿಯಿತು, ಹಳೆಯದರ ಜಾಗಕ್ಕೆ ಹೊಸದು ಬರಲಿಲ್ಲ, 2020 ಬಂತು.

ಆ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಕೋವಿಡ್ ಗಾಳಿಯಿಂದ ಹರಡುವುದಿಲ್ಲ ಎಂದು ಸಾರಿತು. ಟೊರೊಂಟೊ ಪಕ್ಕದ ಬ್ರಾಂಪ್ಟನ್, ಮಿಸಿಸ್ಸಾಗಾದ ಕನ್ನಡದ ಮನೆಗಳು ‘ಅಂಟು’ ಪದವನ್ನೇ ನಂಬಿ ಗರಾಜಿನಲ್ಲಿ ನಿಂತು ಹಾಲಿನ ಪ್ಯಾಕೆಟ್ಟು ಒರೆಸಿದವು, ಕೊತ್ತಂಬರಿಯನ್ನು ಸೋಪುನೀರಿಗೆ ಅದ್ದಿದವು. ಕೈ ತೊಳೆದದ್ದೇನೋ ಒಳ್ಳೆಯದೇ. ಸಾರಿಗೆ ಮಾತ್ರ ನಿಂಬೆಹಣ್ಣಿನ ಸೋಪಿನ ಘಮ ಬಂತು. ಮುಚ್ಚಿದ ಕಿಟಕಿಯ ಕಡೆ ಯಾರೂ ನೋಡಲಿಲ್ಲ.

ಈಗ ಕೆನಡಾಕ್ಕೆ ದಡಾರ ಮರಳಿದೆ. ಅದನ್ನು ನಿರ್ಮೂಲ ಮಾಡಿದ ದೇಶವೆಂಬ ಹೆಸರು 2025ರ ನವೆಂಬರ್‌ನಲ್ಲಿ ಹೋಯಿತು. ಸೋಂಕು ಎಂಬ ಮಾತಿಗೆ ಇಷ್ಟು ಒಪ್ಪುವ ಇನ್ನೊಂದು ರೋಗ ನನಗೆ ಕಾಣದು. ಲಸಿಕೆಯಿಲ್ಲದವರಿಗೆ ರೋಗಿಯನ್ನು ಕಣ್ಣಲ್ಲಿ ಕಾಣದೆಯೂ ಬಂದೀತು. ಆರೋಗ್ಯ ಇಲಾಖೆಯವರು ಹಾಕುವ ಎಚ್ಚರಿಕೆಯ ಪಟ್ಟಿಯಲ್ಲಿ ರೋಗಿಯ ಹೆಸರಿರುವುದಿಲ್ಲ. ಯಾವ ಕ್ಲಿನಿಕ್ಕು, ಯಾವ ತಾರೀಕು, ಎಷ್ಟರಿಂದ ಎಷ್ಟು ಗಂಟೆ ಎಂದಷ್ಟೇ ಇರುತ್ತದೆ. ರೋಗಿ ಎದ್ದು ಹೋದಮೇಲಿನ 2 ಗಂಟೆಯನ್ನೂ ಅದರಲ್ಲಿ ಸೇರಿಸಿರುತ್ತಾರೆ.