ತೂಬಿನ ಕಲ್ಲು, ವೃತ್ತದ ಬೀದಿ: ವೈಟ್‌ಫೀಲ್ಡ್‌ನ ಚಾರಿತ್ರಿಕ ಗುರುತುಗಳು

ವೈಟ್‌ಫೀಲ್ಡ್‌ನ ಚರಿತ್ರೆಯನ್ನು 1882ರಿಂದ ಆರಂಭಿಸುವುದು ರೂಢಿ. ಊರಿನ ಈಗಿನ ಹೆಸರಿಗೆ ಆ ವರ್ಷ ಒಪ್ಪುತ್ತದೆ, ಊರಿನ ನೆಲಕ್ಕೆ ಒಪ್ಪುವುದಿಲ್ಲ. ಇಲ್ಲಿನ ಪಾರಂಪರಿಕ ತಾಣಗಳನ್ನು ಹೆಸರಿಸುವಾಗ ಚರ್ಚು, ಹಳೆಯ ಬಂಗಲೆ, ವೃತ್ತಾಕಾರದ ಬೀದಿಗಳು ಮೊದಲು ನೆನಪಾಗುತ್ತವೆ, ಕೆರೆಗಳು ನೆನಪಾಗುವುದಿಲ್ಲ. ಶಾಸನ, ಊರಿನ ವಿನ್ಯಾಸ, ಸ್ಥಳನಾಮ ಎಂಬ ಮೂರು ಆಕರಗಳನ್ನು ಜೊತೆಗಿಟ್ಟು ನೋಡಿದರೆ ಕೆರೆಗೇ ಮೊದಲ ಸ್ಥಾನ ಸಲ್ಲಬೇಕೆಂಬುದು ಈ ಲೇಖನದ ವಾದ.

ಶಾಸನದ ಸಾಕ್ಷ್ಯ

ವೈಟ್‌ಫೀಲ್ಡ್‌ಗೆ ಹೊಂದಿಕೊಂಡ ಕಾಡುಗೋಡಿಯ ಬಳಿಯ ಪಟ್ಟಂದೂರಿಗೆ ಸಂಬಂಧಿಸಿದ ತಮಿಳು ಶಾಸನವೊಂದು ರಾಜೇಂದ್ರ ಚೋಳನ ಆಳ್ವಿಕೆಯ ಕೊನೆಗಾಲದ್ದು, ಕ್ರಿ.ಶ. 1043ರದು. ಕೆರೆ ಕಟ್ಟಿಸಿ ತೂಬು ಇಡಿಸಿದ್ದನ್ನೂ ದುರ್ಗೆ, ಕ್ಷೇತ್ರಪಾಲ, ಗಣಪತಿಯರನ್ನು ಪ್ರತಿಷ್ಠಾಪಿಸಿದ್ದನ್ನೂ ಅದು ದಾಖಲಿಸುತ್ತದೆ. ಕೆರೆಯ ನೀರನ್ನು ಅಳತೆಯಲ್ಲಿ ಗದ್ದೆಗೆ ಬಿಡುವ ಬಾಗಿಲೇ ತೂಬು. ತೂಬಿತ್ತೆಂದರೆ ಅಚ್ಚುಕಟ್ಟಿತ್ತು, ಬೇಸಾಯಕ್ಕೆ ನಿಂತ ಜನರಿದ್ದರು. ಹೆಚ್ಚುವರಿ ನೀರು ಹರಿದುಹೋಗುವ ಕೋಡಿಯ ನೆನಪು ವರ್ತೂರು ಕೋಡಿ ಎಂಬ ಹೆಸರಿನಲ್ಲಿ ಉಳಿದಿದೆ. ದಿನವೂ ಆ ಹೆಸರು ಹೇಳಿ ಬಸ್ ಹತ್ತುವವರ ಬಾಯಲ್ಲಿ ನೀರಾವರಿಯ ಪರಿಭಾಷೆಯೊಂದು ಇನ್ನೂ ಬದುಕಿದೆ. ಪಟ್ಟಂದೂರು ಅಗ್ರಹಾರ ಎಂಬ ಹೆಸರಿನಲ್ಲಿ ವಿದ್ವಾಂಸರಿಗೆ ಬಿಟ್ಟ ದತ್ತಿಗ್ರಾಮದ ಸೂಚನೆಯಿದೆ.

1882ರ ದತ್ತಿ

ಜೋಲಾರಪೇಟೆಯಿಂದ ಬೆಂಗಳೂರು ದಂಡು ಪ್ರದೇಶಕ್ಕೆ 1864ರಲ್ಲಿ ರೈಲು ಬಂದಿತು. ಆ ಹಳಿ ಕಾಡುಗೋಡಿಯ ಪಕ್ಕದಲ್ಲೇ ಹಾದುಹೋಗಿತ್ತು. ಹದಿನೆಂಟು ವರ್ಷಗಳ ನಂತರ ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿ ನೀಡಿದರು. ಸಂಘದ ನಾಯಕ ಡಿ.ಎಸ್. ವೈಟ್ ಅವರ ಹೆಸರೇ ಊರಿನ ಹೆಸರಾಯಿತು. ಸರ್ಕಾರಿ ನೌಕರಿಯನ್ನೇ ನೆಚ್ಚಿದ್ದ ಸಮುದಾಯವನ್ನು ಸ್ವಂತ ನೆಲದ ಬೇಸಾಯಗಾರರನ್ನಾಗಿ ಮಾಡುವುದು ಅವರ ಕನಸು. ನಡುವೆ ಬಯಲು, ಅದರ ಸುತ್ತ ಮನೆಗಳು, ಆಚೆಗೆ ತೋಟ ಹೊಲ: ಇದು ಅವರ ಊರಿನ ನಕ್ಷೆ. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಬೀದಿಗಳು ಆ ನಕ್ಷೆಯನ್ನು ಇಂದಿಗೂ ಹೇಳುತ್ತವೆ. ಮೆಮೋರಿಯಲ್ ಚರ್ಚು 1886ರದು. ಹೋಪ್ ಫಾರಂ ಈಗ ವಾಹನ ಕಿಕ್ಕಿರಿಯುವ ಕೂಡುರಸ್ತೆ, ಆದರೂ ಹೆಸರಿನಲ್ಲಿ ತೋಟ ಉಳಿದಿದೆ.

ಹಳೆಯ ತಂಗುಮನೆಯಾದ ವೇವರ್ಲಿ ಇನ್‌ಗೆ ತರುಣ ವಿನ್‌ಸ್ಟನ್ ಚರ್ಚಿಲ್ ಬಂದುಹೋಗುತ್ತಿದ್ದರೆಂಬ ಕಥೆ ಊರಿನಲ್ಲಿ ಜನಜನಿತ. 1896ರಲ್ಲಿ ಅವರು ಸೇನಾಧಿಕಾರಿಯಾಗಿ ಬೆಂಗಳೂರಿಗೆ ಬಂದದ್ದು ಚರಿತ್ರೆ. ಇನ್‌ನ ಭೇಟಿಗಳನ್ನು ಮೌಖಿಕ ಪರಂಪರೆಯೆಂದೇ ಓದುವುದು ಉಚಿತ.

ಬೇಸಾಯದ ಕನಸು ಬಹುಕಾಲ ನಿಲ್ಲಲಿಲ್ಲ. ಮುಂದಿನ ತಲೆಮಾರಿನವರು ರೈಲ್ವೆಯಲ್ಲೂ ಕೋಲಾರದ ಚಿನ್ನದ ಗಣಿಯಲ್ಲೂ ಕೆಲಸ ಹುಡುಕಿಕೊಂಡರು. 1947ರ ನಂತರ ಹಲವು ಕುಟುಂಬಗಳು ಬ್ರಿಟನ್, ಆಸ್ಟ್ರೇಲಿಯಾಗಳಿಗೆ ತೆರಳಿದವು.

ಹೊಸ ಪದರ

ಮುಂದೆ ಕಾಡುಗೋಡಿಯಲ್ಲಿ ಸತ್ಯಸಾಯಿ ಬಾಬಾ ಅವರ ಬೃಂದಾವನ ಆಶ್ರಮ ನೆಲೆಗೊಂಡಿತು. 1990ರ ದಶಕದಲ್ಲಿ ಟಾಟಾ ಸಂಸ್ಥೆ, ಸಿಂಗಪುರದ ಕಂಪನಿಗಳು ಮತ್ತು ಕರ್ನಾಟಕ ಸರ್ಕಾರದ ಸಹಭಾಗಿತ್ವದಲ್ಲಿ ಐಟಿಪಿಎಲ್ ಎಂಬ ತಂತ್ರಜ್ಞಾನ ಪಾರ್ಕು ತಲೆಯೆತ್ತಿತು. 2001ರಲ್ಲಿ ಸತ್ಯಸಾಯಿ ಆಸ್ಪತ್ರೆ ತೆರೆಯಿತು, 2023ರ ಮಾರ್ಚ್‌ನಲ್ಲಿ ಮೆಟ್ರೊ ಬಂದಿತು. ಐಟಿಪಿಎಲ್ ನಿಂತಿರುವುದು ಪಟ್ಟಂದೂರು ಅಗ್ರಹಾರದ ಪರಿಸರದಲ್ಲೇ. 1043ರ ಶಾಸನದ ಸೀಮೆಯೂ ಸಾಫ್ಟ್‌ವೇರ್ ಸೀಮೆಯೂ ಒಂದರ ಮೇಲೊಂದು ಕುಳಿತಿವೆ.

ಉಪಸಂಹಾರ

ಅಗ್ರಹಾರ, ವಸಾಹತು, ತಂತ್ರಜ್ಞಾನ ಪಾರ್ಕು: ಮೂರೂ ಆಳುವವರು ಹೊಸಬರಿಗೆ ನೆಲ ಒದಗಿಸಿದ್ದರಿಂದ ಹುಟ್ಟಿದವು. ಈ ಎತ್ತರದ ನೆಲದಲ್ಲಿ ಮಳೆನೀರನ್ನು ಕೆರೆಯಿಂದ ಕೆರೆಗೆ ಹರಿಸಿ ದಕ್ಷಿಣ ಪಿನಾಕಿನಿಗೆ ಮುಟ್ಟಿಸುವ ಏರ್ಪಾಟನ್ನು ಕಟ್ಟಿದವರು ಈ ಮೂವರಲ್ಲಿ ಮೊದಲಿನವರು. ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಟ್ಯಾಂಕರ್ ಕಾಣುವ ಇಂದಿನ ವೈಟ್‌ಫೀಲ್ಡ್‌ಗೆ ಅವರ ಕೆಲಸ ಕೇವಲ ಗತಕಾಲದ ಸಂಗತಿಯಲ್ಲ. ಚರ್ಚಿಗೂ ವೃತ್ತದ ಬೀದಿಗೂ ಸಲ್ಲುವ ಗೌರವ ಮೊದಲು ಪಟ್ಟಂದೂರಿನ ಕೆರೆಗೆ ಸಲ್ಲಬೇಕು. ಅದರ ಏರಿಯನ್ನೂ ರಾಜಕಾಲುವೆಯನ್ನೂ ಸ್ಮಾರಕವೆಂದೇ ಗುರುತಿಸಿ ಕಾಯಬೇಕು.