ಡೆನ್ನಿಂಗ್ ತೆರೆಯದ ಬಾಗಿಲು

ಕಾನೂನು ಓದುವ ಹುಡುಗರಿಗೆ ಲಾರ್ಡ್ ಡೆನ್ನಿಂಗ್ ಎಂದರೆ ಪ್ರೀತಿ. ನನಗೂ ಇತ್ತು. ತೀರ್ಪೆಂದರೆ ಉಸಿರುಗಟ್ಟಿಸುವ ಉದ್ದುದ್ದ ವಾಕ್ಯಗಳು ಎಂದುಕೊಂಡಿದ್ದವನಿಗೆ, ಅವರದು ಯಾರೋ ಜಗಲಿಯಲ್ಲಿ ಕೂತು ಕಥೆ ಹೇಳಿದಂತಿತ್ತು.

ಹ್ಯಾಂಪ್‌ಶೈರಿನ ಬಟ್ಟೆ ವ್ಯಾಪಾರಿಯ ಮಗ, ಹುಟ್ಟಿದ್ದು 1899ರಲ್ಲಿ. 1944ರಲ್ಲಿ ನ್ಯಾಯಾಧೀಶರಾದರು. ಮೂರು ವರ್ಷ ತುಂಬುವ ಮೊದಲೇ ‘ಹೈ ಟ್ರೀಸ್’ ಮೊಕದ್ದಮೆ ಬಂತು. ಯುದ್ಧದಿಂದಾಗಿ ಲಂಡನ್ನಿನ ಫ್ಲಾಟುಗಳು ಖಾಲಿ ಬಿದ್ದಾಗ ಮಾಲೀಕರು ವರ್ಷಕ್ಕೆ 2,500 ಪೌಂಡಿದ್ದ ಬಾಡಿಗೆಯನ್ನು ಅರ್ಧಕ್ಕಿಳಿಸಿದ್ದರು. ಮನೆಗಳು ತುಂಬಿದ ಮೇಲೆ ಪೂರ್ತಿ ಬಾಡಿಗೆ ಕೇಳಬಹುದು, ಆದರೆ ಆ ಕಷ್ಟಕಾಲದ ಬಾಕಿಯನ್ನು ಕೇಳುವಂತಿಲ್ಲ ಎಂದರು ಡೆನ್ನಿಂಗ್. ಪ್ರತಿಫಲವಿಲ್ಲದ ಮಾತಿಗೆ ಬೆಲೆಯಿಲ್ಲವೆನ್ನುವ ಹಳೆಯ ನಿಯಮ ಅಲುಗಾಡಿತು. ಕೊಟ್ಟ ಮಾತಿಗೆ ಸರಕಾರವೂ ಬದ್ಧ ಎಂದು 1978ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಪಿ.ಎನ್. ಭಗವತಿ ಹೇಳುವಾಗ, ಅವರ ಮುಂದೆಯೂ ಇದೇ ತೀರ್ಪಿತ್ತು.

ಮುಂದೆ ಹೌಸ್ ಆಫ್ ಲಾರ್ಡ್ಸ್‌ಗೆ ಏರಿ, ಅಲ್ಲಿಂದ ತಾವಾಗಿಯೇ ಒಂದು ಮೆಟ್ಟಿಲು ಇಳಿದು, 1962ರಿಂದ 20 ವರ್ಷ ಮೇಲ್ಮನವಿ ನ್ಯಾಯಾಲಯದ ‘ಮಾಸ್ಟರ್ ಆಫ್ ದ ರೋಲ್ಸ್’ ಆಗಿದ್ದರು.

ನನ್ನ ಪ್ರೀತಿ ತಡವರಿಸಿದ್ದು 1980ರ ತೀರ್ಪಿನ ಹತ್ತಿರ. 1974ರಲ್ಲಿ ಬರ್ಮಿಂಗ್‌ಹ್ಯಾಮಿನ ಎರಡು ಪಬ್ಬುಗಳಲ್ಲಿ ಬಾಂಬು ಸಿಡಿದು 21 ಜನ ಸತ್ತಿದ್ದರು. ಜೀವಾವಧಿ ಶಿಕ್ಷೆಯಾದ ಆರು ಮಂದಿ ಐರಿಷರು, ಪೊಲೀಸರು ನಮ್ಮನ್ನು ಹೊಡೆದಿದ್ದಾರೆ ಎಂದು ಪರಿಹಾರಕ್ಕೆ ದಾವೆ ಹೂಡಿದರು. ಡೆನ್ನಿಂಗ್ ಅದನ್ನು ವಿಚಾರಣೆಗೇ ಬಿಡಲಿಲ್ಲ. ಈಗಾಗಲೇ ತೀರ್ಮಾನವಾದದ್ದನ್ನು ಮತ್ತೆ ಕೆದಕಬಾರದು ಎಂದಷ್ಟಕ್ಕೇ ನಿಂತಿದ್ದರೆ ಒಪ್ಪದಿದ್ದರೂ ಅರ್ಥವಾಗುತ್ತಿತ್ತು. ಅವರು ಇನ್ನೂ ಮುಂದೆ ಹೋದರು: ಇವರು ಗೆದ್ದರೆ ಪೊಲೀಸರು ಹೊಡೆದರು, ಸುಳ್ಳುಸಾಕ್ಷಿ ಹೇಳಿದರು, ಶಿಕ್ಷೆಯೇ ತಪ್ಪು ಎಂದಾಗುತ್ತದೆ, ಅದು ಎಷ್ಟು ಭೀಕರವೆಂದರೆ ದಾವೆ ಮುಂದುವರಿಯುವುದು ಸರಿಯಲ್ಲ ಎಂದು ವಿವೇಕವುಳ್ಳ ಯಾರೂ ಹೇಳುತ್ತಾರೆ! ಬಾಡಿಗೆಯ ಮಾತು ಮುರಿದದ್ದನ್ನು ಸಹಿಸದ ಮನುಷ್ಯ, ಪೊಲೀಸರ ಮಾತು ಸುಳ್ಳಿರಬಹುದೆಂದು ನೋಡಲೂ ಸಿದ್ಧರಿರಲಿಲ್ಲ. ವಾಕ್ಯಗಳೇನೋ ಅಷ್ಟೇ ಸರಳ, ಅಷ್ಟೇ ಚಂದ. ಅದೇ ನನ್ನನ್ನು ಹೆಚ್ಚು ಕಾಡಿದ್ದು.

ಕರಿಯರು ಜ್ಯೂರಿಗಳಾಗುವುದರ ಬಗ್ಗೆ ಪುಸ್ತಕವೊಂದರಲ್ಲಿ ಬರೆದ ಮಾತು ಗದ್ದಲವೆಬ್ಬಿಸಿ, ಕ್ಷಮೆ ಕೇಳಿ, 1982ರಲ್ಲಿ ನಿವೃತ್ತರಾದರು. ಬಾಯಿ ಮಾತ್ರ ನಿವೃತ್ತಿಯಾಗಲಿಲ್ಲ. ಆ ಆರು ಜನರನ್ನು ಗಲ್ಲಿಗೇರಿಸಿದ್ದರೆ ಅವರ ಬಿಡುಗಡೆಗೆ ಈ ಚಳವಳಿಗಳೇ ಇರುತ್ತಿರಲಿಲ್ಲ ಎಂದು 1990ರ ಸಂದರ್ಶನವೊಂದರಲ್ಲಿ ಹೇಳಿದರು.

ಮರುವರ್ಷ, ಮಾರ್ಚ್ 14ರಂದು, ಶಿಕ್ಷೆ ರದ್ದಾಗಿ ಆರೂ ಜನ ಹೊರಬಂದರು. ಆಗ ಡೆನ್ನಿಂಗ್ ಅವರಿಗೆ 92 ವರ್ಷ.